‘ಮಗನ ಭಯ’ವೆಂದರೇನು?

ನಮ್ಮ ಊರಿನ ಹೆಸರಿನಲ್ಲಿಯೇ ಒಂದು ವ್ಯಾಕರಣಪ್ರಶ್ನೆ ಅಡಗಿರುವುದು. ಅರಸಿಯ ಕೆರೆ ಅರಸೀಕೆರೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಈ ಕೆರೆಯನ್ನು ಕಟ್ಟಿಸಿದಳೆಂದು ಹಿರಿಯರು ಹೇಳಿಕೊಂಡು ಬಂದಿರುವರು. ಆದರೆ ‘ಅರಸಿಯ’ ಎಂಬ ಷಷ್ಠೀ ವಿಭಕ್ತಿಯೊಂದನ್ನೇ ಹಿಡಿದುಕೊಂಡು ನೋಡಿದರೆ, ಇದು ಅರಸಿಯು ಕಟ್ಟಿಸಿದ ಕೆರೆಯೋ, ಅರಸಿಗೆ ಉಂಬಳಿಯಾಗಿ ಬಿಟ್ಟ ಕೆರೆಯೋ, ಅರಸಿಯ ಹೆಸರು ನಿಲ್ಲಲೆಂದು ಬೇರೊಬ್ಬರು ಕಟ್ಟಿಸಿದ ಕೆರೆಯೋ ತಿಳಿಯುವಂತಿಲ್ಲ. ಸಮಾಸವಾದ ಮೇಲಂತೂ ಆ ವಿಭಕ್ತಿಯೂ ಅಳಿದುಹೋಗಿ ಅರಸಿ ಒಬ್ಬಳು, ಕೆರೆ ಒಂದು, ಇಷ್ಟೇ ಉಳಿದಿರುವುದು. ಕನ್ನಡದವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಇದನ್ನೇ ಇಂಗ್ಲಿಷಿಗೆ ತಿರುಗಿಸು ಎಂದರೆ ಮಾತ್ರ, ಆ ಎರಡು ನಾಮಪದಗಳ ನಡುವೆ ಯಾವ ಚಿಕ್ಕ ಶಬ್ದವನ್ನು ಇಡಬೇಕೆಂದು ನಿಂತು ಯೋಚಿಸಬೇಕಾಗುವುದು. ಆಫ್ ಎಂದರೆ ಒಂದು, ಫಾರ್ ಎಂದರೆ ಇನ್ನೊಂದು, ಬೈ ಎಂದರೆ ಮತ್ತೊಂದು.

ನಾನು ಓದಿದ್ದು ಸಂಸ್ಕೃತ. ಹೈಸ್ಕೂಲಿನಲ್ಲಿ ಅದನ್ನು ಕಲಿಸುವುದಕ್ಕೆಂದೇ ಸೇರಿದವನು, ಉಪಾಧ್ಯಾಯರ ಕೊರತೆಯಿಂದಾಗಿ ವರ್ಷಗಟ್ಟಲೆ ಇಂಗ್ಲಿಷನ್ನೂ ಕಲಿಸಬೇಕಾಯಿತು. ಆಗ ನಮ್ಮೆಲ್ಲರ ಕೈಯಲ್ಲಿ ಇದ್ದದ್ದು ರೆನ್ ಮತ್ತು ಮಾರ್ಟಿನ್ ಎಂಬವರ ವ್ಯಾಕರಣ. ಅದರಲ್ಲಿ ಇಂತಿಂಥ ನಾಮಪದಗಳ ಮುಂದೆ ಫಾರ್ ಬರುವುದು, ಇಂತಿಂಥವುಗಳ ಮುಂದೆ ಟು ಬರುವುದು, ಇಂತಿಂಥವುಗಳ ಮುಂದೆ ಆಫ್ ಬರುವುದು ಎಂದು ಪಟ್ಟಿಗಳಿವೆ. ಹುಡುಗರು ಅವನ್ನು ಅಮರಕೋಶದಂತೆ ಬಾಯಿಪಾಠ ಮಾಡುವರು. ಬಾಯಿಪಾಠವನ್ನು ನಾನು ಹೀನಾಯವೆಂದು ಎಣಿಸತಕ್ಕವನಲ್ಲ. ನನ್ನ ಅನ್ನವೇ ಅದರಿಂದ ಬಂದದ್ದು. ಆದರೆ ಪಟ್ಟಿಯನ್ನು ಪೂರ್ತಿಯಾಗಿ ಒಪ್ಪಿಸಿದ ಹುಡುಗನೇ ಸ್ವಂತವಾಗಿ ಒಂದು ಕಾಗದ ಬರೆಯಲು ಕುಳಿತಾಗ, ಎಲ್ಲಿ ನೋಡಿದರೂ ಆಫ್ ಎಂದೇ ತುಂಬಿಸಿಬಿಡುವನು. ಅವನ ಮನಸ್ಸಿನೊಳಗೆ ನಮ್ಮ ಷಷ್ಠಿಯು ಕುಳಿತಿದೆ. ಅದಕ್ಕೆ ಅವನು ಕೊಟ್ಟ ಇಂಗ್ಲಿಷ್ ವೇಷ ಆಫ್.

ಈ ಷಷ್ಠಿಯ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ. ಸಂಸ್ಕೃತ ವ್ಯಾಕರಣದಲ್ಲಿ ಕಾರಕಗಳು ಆರು. ಕ್ರಿಯೆಯೊಡನೆ ನೇರವಾದ ಸಂಬಂಧ ಉಳ್ಳದ್ದು ಕಾರಕ: ಮಾಡಿದವನು, ಮಾಡಿಸಿಕೊಂಡದ್ದು, ಮಾಡಲು ಬಳಸಿದ್ದು, ಯಾರಿಗಾಗಿ, ಎಲ್ಲಿಂದ, ಎಲ್ಲಿ. ಷಷ್ಠಿಗೆ ಈ ಪಂಕ್ತಿಯಲ್ಲಿ ಎಲೆ ಇಲ್ಲ. ಉಳಿದ ವಿಭಕ್ತಿಗಳು ಹೇಳದೆ ಬಿಟ್ಟ ಸಂಬಂಧಗಳೆಲ್ಲವೂ ಷಷ್ಠಿಯ ಪಾಲಿಗೆ ಎಂದು ಪಾಣಿನಿಯು ಇಟ್ಟಿರುವನು. ಮನೆಯಲ್ಲಿ ಯಾವ ಡಬ್ಬಿಗೂ ಸೇರದ ಸಾಮಾನನ್ನು ಹಾಕಿಡುವುದಕ್ಕೆ ಒಂದು ಬುಟ್ಟಿ ಇರುವುದಿಲ್ಲವೆ, ಹಾಗೆ. ತೊಡಕು ಬರುವುದು ಕ್ರಿಯೆಯೇ ನಾಮಪದವಾಗಿ ಕುಳಿತಾಗ. ಗೆದ್ದನು ಎಂಬುದು ಗೆಲುವಾಗಿ, ಹೆದರಿದನು ಎಂಬುದು ಹೆದರಿಕೆಯಾಗಿ, ಹುಡುಕಿದನು ಎಂಬುದು ಹುಡುಕಾಟವಾಗಿ ನಿಂತಾಗ, ಮಾಡಿದವನೂ ಮಾಡಿಸಿಕೊಂಡವನೂ ಇಬ್ಬರೂ ಅದೇ ಬುಟ್ಟಿಗೆ ಬಂದು ಬೀಳುವರು.

ನಮ್ಮ ಸೀಮೆಯ ಚರಿತ್ರೆಯಿಂದಲೇ ಉದಾಹರಣೆ ಕೊಡುವೆನು. 1116ರಲ್ಲಿ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡನು. ‘ವಿಷ್ಣುವರ್ಧನನ ವಿಜಯ’ವೆಂದರೆ ಗೆದ್ದವನು ವಿಷ್ಣುವರ್ಧನ. ‘ತಲಕಾಡಿನ ವಿಜಯ’ವೆಂದರೆ ಗೆದ್ದದ್ದು ತಲಕಾಡಲ್ಲ, ಗೆಲ್ಲಲ್ಪಟ್ಟದ್ದು ತಲಕಾಡು. ವಿಭಕ್ತಿ ಒಂದೇ, ಅರ್ಥ ಎದುರುಬದುರು. 1311ರಲ್ಲಿ ಹಳೇಬೀಡು, ಎಂದರೆ ಅಂದಿನ ದೋರಸಮುದ್ರ, ದಾಳಿಗೆ ತುತ್ತಾಯಿತು. ‘ಮಲಿಕ್ ಕಾಫೂರನ ದಾಳಿ’ ಎಂದರೂ ಷಷ್ಠಿ, ‘ದೋರಸಮುದ್ರದ ದಾಳಿ’ ಎಂದರೂ ಷಷ್ಠಿ. ಕತೆ ಗೊತ್ತಿದ್ದವನಿಗೆ ಸಂದೇಹವಿಲ್ಲ. ಗೊತ್ತಿಲ್ಲದವನು ದೋರಸಮುದ್ರದವರೇ ಎಲ್ಲಿಗೋ ದಂಡೆತ್ತಿ ಹೋದರೆಂದು ತಿಳಿದರೆ ವ್ಯಾಕರಣವು ಅವನನ್ನು ತಡೆಯಲಾರದು. ಇಂಗ್ಲಿಷಿನಲ್ಲಿಯಾದರೋ ದಾಳಿಗೆ ಆನ್, ವಿಜಯಕ್ಕೆ ಓವರ್. ಅಟ್ಯಾಕ್ ಆನ್ ಎಂದೊಡನೆ ಪೆಟ್ಟು ತಿಂದವನಾರೆಂದು ತಿಳಿಯಿತು. ವಿಕ್ಟರಿ ಓವರ್ ದಿ ಚೋಳಾಸ್ ಎಂದರೆ ಚೋಳರು ಸೋತರು. ವಿಕ್ಟರಿ ಆಫ್ ದಿ ಚೋಳಾಸ್ ಎಂದು ಬರೆದ ಹುಡುಗನು ಚೋಳರನ್ನೇ ಗೆಲ್ಲಿಸಿ, ಚರಿತ್ರೆಯನ್ನು ಎರಡಕ್ಷರದಿಂದ ತಿರುವಿಹಾಕಿದಂತಾಯಿತು. ಹಾಗೆ ಬರೆದವರನ್ನು ನಾನು ಹಲವರನ್ನು ಕಂಡಿರುವೆನು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕರ್ತೃ ಕರ್ಮಗಳು ಎರಡೂ ಒಂದೇ ಕೃದಂತದ ಪಕ್ಕದಲ್ಲಿ ಬಂದಾಗ ಸಾಮಾನ್ಯವಾಗಿ ಷಷ್ಠಿಯು ಕರ್ಮಕ್ಕೆ ಸಲ್ಲತಕ್ಕದ್ದು, ಕರ್ತೃವು ತೃತೀಯೆಗೆ ಸರಿಯತಕ್ಕದ್ದು ಎಂದು ಪಾಣಿನಿಯ ವ್ಯವಸ್ಥೆ. ವಿಷ್ಣುವರ್ಧನನಿಂದ ತಲಕಾಡಿನ ಗ್ರಹಣ. ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿರಿ: ಕಾಂಕ್ವೆಸ್ಟ್ ಆಫ್ ತಲಕಾಡ್ ಬೈ ವಿಷ್ಣುವರ್ಧನ. ಕರ್ಮಕ್ಕೆ ಆಫ್, ಕರ್ತೃವಿಗೆ ಬೈ. ಇದನ್ನು ಮೊದಲು ಗಮನಿಸಿದ ದಿನ ನನಗೆ ಆದ ಸಂತೋಷವು ಸಂಬಳ ಬಂದ ದಿನದ ಸಂತೋಷಕ್ಕೆ ಕಡಮೆಯಾಗಿರಲಿಲ್ಲ. ನಮ್ಮ ಹಿಂದಿನವರು ಇದೇ ಸಂಗತಿಯನ್ನು ಬೇರೊಂದು ಜಾಣ್ಮೆಯಿಂದ ಹೇಳಿದರು. ಆ ಅರಸನ ಬಿರುದು ‘ತಲಕಾಡುಗೊಂಡ’. ವಿಭಕ್ತಿಯು ಲೋಪವಾಗಿದೆ, ಆದರೂ ಗೊಂದಲವಿಲ್ಲ. ಏಕೆಂದರೆ ಕ್ರಿಯೆಯು ನಾಮಪದದ ಮುಸುಕು ಹಾಕಿಕೊಳ್ಳದೆ, ಕೊಂಡ ಎಂದು ಎದುರಿಗೇ ನಿಂತಿದೆ. ವೈಯಾಕರಣರು ಇದನ್ನು ಕ್ರಿಯಾಸಮಾಸವೆನ್ನುವರು.

ಹಳೇಬೀಡಿನ ದೇವಾಲಯವನ್ನು ನೋಡಲು ಹೋದವರು ಅಲ್ಲಿ ಹೇಳುವ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ಒಬ್ಬರು ಅದನ್ನು ಶಿವನ ದೇವಸ್ಥಾನವೆನ್ನುವರು, ಇನ್ನೊಬ್ಬರು ವಿಷ್ಣುವರ್ಧನನ ದೇವಸ್ಥಾನವೆನ್ನುವರು, ಮತ್ತೊಬ್ಬರು ಹೊಯ್ಸಳರ ದೇವಸ್ಥಾನವೆನ್ನುವರು. ಮೂರೂ ಸರಿ, ಮೂರೂ ಬೇರೆ. 1121ರ ಸುಮಾರಿನಲ್ಲಿ ಅದನ್ನು ಕಟ್ಟಿಸಿದವನು ಅರಸನ ಅಧಿಕಾರಿಯಾದ ಕೇತಮಲ್ಲ. ಒಳಗಿರುವ ದೇವರು ಶಿವ. ಲಿಂಗಕ್ಕೆ ಇಟ್ಟ ಹೆಸರು ಅರಸನದು, ಹೊಯ್ಸಳೇಶ್ವರ. ಜೊತೆಯ ಗರ್ಭಗುಡಿಯ ಹೆಸರು ಅರಸಿ ಶಾಂತಲೆಯದು, ಶಾಂತಲೇಶ್ವರ. ಇಂಗ್ಲಿಷ್ ಬಲ್ಲವನು ಇದನ್ನು ಟೆಂಪಲ್ ಟು ಶಿವ, ಟೆಂಪಲ್ ಬೈ ಕೇತಮಲ್ಲ ಎಂದು ಬಿಡಿಸಿ ಹೇಳಬಲ್ಲನು. ನಾವು ಎಲ್ಲರಿಗೂ ‘ಅ’ ಪ್ರತ್ಯಯವನ್ನೇ ಹಂಚುವೆವು. ಇಂಗ್ಲಿಷಿಗೂ ಈ ಔದಾರ್ಯ ಇಲ್ಲದೆ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅವಕ್ಕೆ ಕೊಟ್ಟ ಇಂಗ್ಲಿಷ್ ಹೆಸರಿನಲ್ಲಿ ‘ಆಫ್ ದಿ ಹೊಯ್ಸಳಾಸ್’ ಎಂದೇ ಇರುವುದು. ಕಟ್ಟಿದವರು, ಕಟ್ಟಿಸಿದವರು, ಪೂಜಿಸಿದವರು ಎಲ್ಲರೂ ಆ ಒಂದು ಆಫ್ ಎಂಬ ಛತ್ರದ ಕೆಳಗೆ.

ಇದೆಲ್ಲವೂ ಪಂಡಿತರ ಕಾಲಕ್ಷೇಪವೆಂದು ವಾಚಕರಿಗೆ ತೋರಬಹುದು. ಹಾಗೆ ತೋರದಿರಲೆಂದು ಎರಡು ವರ್ಷದ ಹಿಂದೆ ನಡೆದ ಸಂಗತಿಯೊಂದನ್ನು ಹೇಳುವೆನು.

ನಮ್ಮ ಬೀದಿಯ ಕೊನೆಯಲ್ಲಿ ವಯಸ್ಸಾದ ಹೆಂಗಸೊಬ್ಬರಿರುವರು. ಊರಾಚೆ ಸ್ವಲ್ಪ ತೆಂಗಿನ ತೋಟ, ಒಬ್ಬನೇ ಮಗ. ಮಗನು ತೆಂಗಿನಕಾಯಿಯ ಲಾರಿ ನಡೆಸಿಕೊಂಡು ಉತ್ತರದ ಕಡೆಗೆ ಹೋಗಿಬರುವನು. ಒಂದು ಸಲ ಹಾಗೆ ಹೋದವನು ಹನ್ನೊಂದು ದಿನವಾದರೂ ಫೋನು ಮಾಡಲಿಲ್ಲ. ಇವರು ಮಾಡಿದರೆ ಹತ್ತಲಿಲ್ಲ. ತಾಯಿಯು ಒಂದು ಕಚೇರಿಗೆ ಅರ್ಜಿ ಕೊಡಲು ಹೋದರು. ಬೇರೆ ರಾಜ್ಯಕ್ಕೆ ಹೋಗಬೇಕಾದ ಕಾಗದವಾದ್ದರಿಂದ ಇಂಗ್ಲಿಷಿನಲ್ಲಿರಲಿ ಎಂದರಂತೆ. ಹೊರಗೆ ಟೈಪು ಮಾಡಿಕೊಡುತ್ತಿದ್ದ ಹುಡುಗನೊಬ್ಬನು ಆಕೆ ಹೇಳಿದ್ದನ್ನು ಮೊಬೈಲಿನ ಅನುವಾದಯಂತ್ರಕ್ಕೆ ಕೊಟ್ಟು, ಅದು ಕೊಟ್ಟದ್ದನ್ನು ಅಚ್ಚುಮಾಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸಿದನು.

ಎರಡು ದಿನದ ಮೇಲೆ ಆಕೆ ಅಳುತ್ತ ನಮ್ಮ ಮನೆಗೆ ಬಂದರು. ಕಚೇರಿಯಿಂದ ಫೋನು ಬಂದಿತ್ತಂತೆ. ಮಗ ಹೊಡೆಯುತ್ತಾನೆಯೇ, ಆಸ್ತಿಗಾಗಿ ಹಿಂಸೆ ಕೊಡುತ್ತಾನೆಯೇ, ಅವನ ಮೇಲೆ ಕೇಸು ಹಾಕಬೇಕೇ ಎಂದು ವಿಚಾರಿಸಿದರಂತೆ. “ನಾನು ಯಾವಾಗ ಹಂಗಂದೆ ಮೇಷ್ಟ್ರೇ? ನನ್ ಮಗ ಒಂದು ದಿನ ನನಗೆ ಎದುರು ಮಾತಾಡ್ದೋನಲ್ಲ” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಅಮ್ಮಾ, ಆ ಹುಡುಗನಿಗೆ ನೀವು ಏನು ಹೇಳಿದಿರಿ? ಹೇಳಿದ ಮಾತನ್ನೇ ಹೇಳಿ” ಎಂದೆನು.

“ಇನ್ನೇನು ಹೇಳಾನ? ಹಗಲೂ ರಾತ್ರಿ ಮಗಂದೇ ಭಯ ಆಗ್ಬುಟ್ಟದೆ, ಹುಡುಕ್ಸಿ ಕೊಡಿ ಅಂದೆ.”

ಅರ್ಜಿಯ ನಕಲು ಆಕೆಯ ಸಂಚಿಯಲ್ಲಿತ್ತು. ಅದರ ಮೊದಲನೆಯ ವಾಕ್ಯದಲ್ಲಿ ಫಿಯರ್ ಆಫ್ ಮೈ ಸನ್ ಎಂದೂ, ಎರಡನೆಯದರಲ್ಲಿ ಸರ್ಚ್ ಆಫ್ ಮೈ ಸನ್ ಎಂದೂ ಇದ್ದಿತು. ಮೊದಲನೆಯದಕ್ಕೆ, ನನ್ನ ಮಗನನ್ನು ಕಂಡರೆ ನನಗೆ ಭಯ ಎಂದರ್ಥ. ಎರಡನೆಯದಕ್ಕೆ, ನನ್ನ ಮಗನ ಮೈಯನ್ನು ತಡಕಿ ಶೋಧಿಸಬೇಕು ಎಂದರ್ಥ. ಸರ್ಚ್ ಫಾರ್ ಎಂದರೆ ಕಾಣೆಯಾದದ್ದನ್ನು ಹುಡುಕುವುದು; ಸರ್ಚ್ ಆಫ್ ಎಂದರೆ ಎದುರಿಗೆ ಇರುವ ಮನೆಯನ್ನೋ ಮನುಷ್ಯನನ್ನೋ ತಡಕುವುದು. (ಇನ್ ಸರ್ಚ್ ಆಫ್ ಎಂಬ ಮೂರು ಮಾತಿನ ಕಟ್ಟಿನಲ್ಲಿ ಮಾತ್ರ ಆಫ್ ಇದ್ದೂ ಹುಡುಕುವುದೆಂಬ ಅರ್ಥವೇ ಬರುವುದು. ಇಂಗ್ಲಿಷು ಹೀಗೆ ಆಗಾಗ್ಗೆ ಉಪಾಧ್ಯಾಯರ ಕಾಲೆಳೆಯುವುದುಂಟು.) ಕಚೇರಿಯಲ್ಲಿ ಓದಿದವರು ಓದಬೇಕಾದಂತೆಯೇ ಓದಿದರು, ಮಗನಿಗೆ ಹೆದರಿ, ಅವನನ್ನು ಶೋಧಿಸಿರೆಂದು ಕೇಳುವ ತಾಯಿಯನ್ನು ಅವರು ಮತ್ತೇನೆಂದು ತಿಳಿಯಬೇಕು? ಆಕೆಗೆ ಇದ್ದದ್ದು ಫಿಯರ್ ಫಾರ್, ಮಗನಿಗೆ ಏನಾಯಿತೋ ಎಂಬ ಭಯ. ಎರಡು ಕಡೆಗಳಲ್ಲಿ ಆಫ್ ತೆಗೆದು ಫಾರ್ ಹಾಕಿ, ಬೇರೆ ಅರ್ಜಿಯನ್ನು ಬರೆದು, ಜೊತೆಗೆ ಹೋಗಿ ಕೊಟ್ಟು ಬಂದೆನು. ಅದರಿಂದಲೇ ಮಗನು ಸಿಕ್ಕಿದನೆಂದು ಹೇಳಲಾರೆನು. ನಾಲ್ಕು ದಿನದ ಮೇಲೆ ಅವನೇ ಯಾರದೋ ಫೋನಿನಿಂದ ಮಾತಾಡಿದನು. ದಾರಿಯಲ್ಲಿ ಲಾರಿ ಕೆಟ್ಟು, ಅವನ ಫೋನು ಕಳೆದುಹೋಗಿತ್ತು. ಆದರೆ ಆ ನಾಲ್ಕು ದಿನ ಆ ತಾಯಿಯು, ಮಗನು ಕಾಣೆಯಾದ ದುಃಖದ ಜೊತೆಗೆ, ತಾನೇ ಅವನ ಮೇಲೆ ದೂರು ಕೊಟ್ಟೆನೆಂಬ ದುಃಖವನ್ನೂ ಹೊರಬೇಕಾಗಲಿಲ್ಲ.

ಹುಡುಗನದು ತಪ್ಪೆನ್ನಲು ನನಗೆ ಮನಸ್ಸಿಲ್ಲ, ಯಂತ್ರದ್ದೂ ಅಲ್ಲ. ‘ಮಗನ ಭಯ’ವೆಂಬ ಕನ್ನಡದಲ್ಲಿ ಮೂರು ಅರ್ಥಗಳಿಗೆ ಎಡೆಯಿದೆ: ಮಗನು ಪಡುವ ಭಯ, ಮಗನಿಂದ ಭಯ, ಮಗನಿಗಾಗಿ ಭಯ. ಮಾತಾಡುವಾಗ ಕಣ್ಣೀರು ಅರ್ಥವನ್ನು ಹೇಳುವುದು. ಕಾಗದದ ಮೇಲೆ ಕಣ್ಣೀರು ಕಾಣದು. ಭಯವೆಂಬುದು ಮೊದಲಿನಿಂದಲೂ ವೈಯಾಕರಣರಿಗೆ ಕೆಲಸ ಕೊಟ್ಟ ಶಬ್ದ. ಯಾವುದರಿಂದ ಭಯವೋ ಅದಕ್ಕೆ ಸಂಸ್ಕೃತದಲ್ಲಿ ಪಂಚಮೀ ವಿಭಕ್ತಿ, ಮರದಿಂದ ಎಲೆ ಬಿದ್ದಂತೆ, ಹುಲಿಯಿಂದ ಭಯ. ಕನ್ನಡದವನಾದರೋ ಹುಲಿಗೆ ಹೆದರುವನು, ಇದು ಚತುರ್ಥಿ. ಇಂಗ್ಲಿಷಿನವನಿಗೆ ಫಿಯರ್ ಆಫ್. ಈ ಆಫ್ ಎಂಬುದಕ್ಕೂ ‘ದೂರಕ್ಕೆ’ ಎಂಬರ್ಥದ, ಎರಡು ಎಫ್ ಅಕ್ಷರಗಳುಳ್ಳ ಆಫ್ ಎಂಬುದಕ್ಕೂ ಮೂಲವು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಎರಡೂ ಒಂದೇ ಶಬ್ದವಾಗಿದ್ದು, ‘ಇಂದ, ಬಿಟ್ಟು’ ಎಂಬ ಅರ್ಥವನ್ನು ಕೊಡುತ್ತಿತ್ತು. ಪಂಚಮಿಯನ್ನು ಬಲ್ಲವನಿಗೆ ಹುಲಿಯ ಭಯಕ್ಕೆ ಆಫ್ ಬಂದದ್ದು ಪರಕೀಯವೆನಿಸದು.

ಪಂಚಮಿಯ ಮಾತು ಬಂದುದರಿಂದ ಹೇಳುವೆನು, ನಮ್ಮ ಕನ್ನಡಕ್ಕೆ ಈ ವಿಷಯದಲ್ಲಿ ಅದರದೇ ಆದ ಹಾದಿಯಿದೆ. ಹೊಯ್ಸಳರ ಕಾಲದಲ್ಲಿಯೇ, 1260ರ ಸುಮಾರಿಗೆ, ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದನು. ಅವನು ಸಂಸ್ಕೃತದ ಅಚ್ಚಿನಲ್ಲಿ ಏಳು ವಿಭಕ್ತಿಗಳನ್ನು ಹೇಳಿ, ಐದನೆಯದಕ್ಕೆ ‘ಅತ್ತಣಿಂ’ ಎಂಬ ಪ್ರತ್ಯಯವನ್ನು ಕೊಟ್ಟನು. ಅದರ ಕೊನೆಯಲ್ಲಿರುವುದು ಮೂರನೆಯದರ ‘ಇಂ’ ತಾನೆ? ಇಂದಿನ ಮಕ್ಕಳು ಓದುವ ‘ದೆಸೆಯಿಂದ’ ಎಂಬುದೂ ಹಾಗೆಯೇ. ಹಾಲಿನಿಂದ ಮೊಸರು, ಕತ್ತಿಯಿಂದ ಗಾಯ, ಮರದಿಂದ ಹಣ್ಣು, ಎಲ್ಲಕ್ಕೂ ನಮಗೆ ಒಂದೇ ‘ಇಂದ’. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬಂದು ಕೂರುವುದನ್ನು ವಿಭಕ್ತಿಪಲ್ಲಟವೆಂದು ಕರೆದು ಕೇಶಿರಾಜನು ಅದಕ್ಕೂ ಎಡೆ ಕೊಟ್ಟಿರುವನು. ಜನರ ಮಾತನ್ನು ಕಿವಿಯಲ್ಲಿಟ್ಟುಕೊಂಡು ಬರೆದವನು ಅವನು. ಆದರೆ ನಮ್ಮ ಶಾಲೆಗಳಲ್ಲಿ ಮಕ್ಕಳು ‘ಉ ಅನ್ನು ಇಂದ ಗೆ’ ಎಂದು ರಾಗವಾಗಿ ಒಪ್ಪಿಸುವರೇ ಹೊರತು, ಪಲ್ಲಟ ಏಕಾಗುವುದೆಂದು ಯಾರೂ ಕೇಳುವುದಿಲ್ಲ. ಹೀಗೆ ತಮ್ಮ ಭಾಷೆಯ ಷಷ್ಠಿಯನ್ನು ಒಮ್ಮೆಯೂ ನಿಲ್ಲಿಸಿ ಮಾತಾಡಿಸದೆ ಬೆಳೆದ ಮಕ್ಕಳಿಗೆ, ಪರಭಾಷೆಯ ಏಳೆಂಟು ಚಿಕ್ಕ ಶಬ್ದಗಳು ಒಂದರಂತೆ ಒಂದು ಕಂಡರೆ ಆಶ್ಚರ್ಯವೇನು? ಇಂಗ್ಲಿಷ್ ಕಲಿಯಲೆಂದು ಕನ್ನಡವನ್ನು ಬಿಡಿಸುವ ತಂದೆತಾಯಿಗಳಿಗೆ ನಾನು ಹೇಳತಕ್ಕ ಮಾತು ಇದೊಂದೇ. ಅವರಿಗೆ ಅದು ಹಿತವಾಗದೆಂಬುದೂ ನನಗೆ ಗೊತ್ತು.

ಮನೆಯಲ್ಲಿಯೇ ಮಾಡಿಸಬಹುದಾದ ಅಭ್ಯಾಸವು ಬಹಳ ಸುಲಭ. ನಾಮಪದವನ್ನು ಬಿಚ್ಚಿ, ಒಳಗೆ ಕ್ರಿಯೆಯೇನಾದರೂ ಇದೆಯೇ ಎಂದು ಮಗುವು ನೋಡಲಿ. ಇದ್ದರೆ, ಯಾರು ಮಾಡುವರು, ಯಾರಿಗೆ ಆಗುವುದು ಎಂದು ಕೇಳಿಕೊಳ್ಳಲಿ. ‘ಪರೀಕ್ಷೆಯ ಸಿದ್ಧತೆ’ ಎಂಬುದನ್ನು ತೆಗೆದುಕೊಳ್ಳಿರಿ. ಪರೀಕ್ಷೆಯನ್ನೇ ಸಿದ್ಧಪಡಿಸುವುದಾದರೆ, ಎಂದರೆ ಪ್ರಶ್ನೆ ಬರೆದು, ಕಾಗದ ಎಣಿಸಿ, ಲಕೋಟೆಗೆ ಅರಗು ಹಾಕುವುದಾದರೆ, ಅದು ಉಪಾಧ್ಯಾಯರ ಕೆಲಸ, ಅಲ್ಲಿ ಆಫ್. ಪರೀಕ್ಷೆಗಾಗಿ ತಾನು ಸಿದ್ಧನಾಗುವುದಾದರೆ ಅದು ವಿದ್ಯಾರ್ಥಿಯ ಕೆಲಸ, ಅಲ್ಲಿ ಫಾರ್. ರಜೆ ಬೇಡಿ ಬರೆದ ಚೀಟಿಯಲ್ಲಿ ಹುಡುಗರು ತಾವೇ ಪರೀಕ್ಷೆಯನ್ನು ತಯಾರಿಸುತ್ತಿರುವುದಾಗಿ ತಿಳಿಸಿದ್ದನ್ನು ಓದಿ ನಾನು ಎಷ್ಟೋ ಸಲ ನಕ್ಕಿರುವೆನು. ‘ಸಂಗೀತದ ರುಚಿ’ಯೂ ಹೀಗೆಯೇ. ಟೇಸ್ಟ್ ಆಫ್ ಎಂದರೆ ಒಂದಿಷ್ಟು ಸವಿದು ನೋಡಿದ್ದು. ಟೇಸ್ಟ್ ಫಾರ್ ಎಂದರೆ ಅದರ ಮೇಲೆ ಒಲವು ಹುಟ್ಟಿದ್ದು. ಬೆಲ್ಲಕ್ಕೆ ಮೊದಲನೆಯದೇ ಸಾಕು. ಜ್ವರದ ಮನೆಯಲ್ಲಿ ವೈದ್ಯನು ಎರಡು ಮಾತು ಹೇಳುವನು: ಜ್ವರವು ಯಾವುದರಿಂದ ಬಂತೆಂಬುದು ಕಾಸ್ ಆಫ್, ಗಾಬರಿಪಡುವಂಥದೇನೂ ಇಲ್ಲ ಎನ್ನುವಾಗ ಕಾಸ್ ಫಾರ್. ಒಂದು ಹುಟ್ಟಿಸಿದ ಕಾರಣ, ಇನ್ನೊಂದು ಸಮರ್ಥಿಸುವ ಕಾರಣ.

ಇಷ್ಟಾದರೂ ಎಲ್ಲವೂ ಯುಕ್ತಿಗೆ ನಿಲುಕುವುದಿಲ್ಲ. ‘ಕೇರಾಫ್’ ಎಂಬುದು ಅಂಚೆಯ ಮೂಲಕ ನಮ್ಮ ಮಾತೇ ಆಗಿಹೋಗಿದೆ. ವಿಳಾಸದಲ್ಲಿ ಕೇರ್ ಆಫ್ ಎಂದು ಹೆಸರು ಬರೆದರೆ ನೋಡಿಕೊಳ್ಳತಕ್ಕವನು ಆ ಹೆಸರಿನವನು. ಮುದುಕರ ಕೇರ್ ಆಫ್ ಎಂದರೆ ನೋಡಿಕೊಳ್ಳಲ್ಪಡತಕ್ಕವರು ಮುದುಕರು. ಇಲ್ಲಿ ಇಂಗ್ಲಿಷಿನ ಆಫ್ ನಮ್ಮ ಷಷ್ಠಿಯಷ್ಟೇ ಎರಡು ಮುಖದ್ದು. ಇನ್ನೊಂದು ಕಷ್ಟವೆಂದರೆ, ನಾಮಪದಕ್ಕೆ ಸಲ್ಲುವುದು ಕ್ರಿಯಾಪದಕ್ಕೆ ಸಲ್ಲದು. ಡಿಸ್ಕಷನ್ ಅಬೌಟ್ ಎಂದರೆ ಸರಿ. ಡಿಸ್ಕಸ್ ಅಬೌಟ್ ಎಂದರೆ ಪರೀಕ್ಷಕರು ಕೆಂಪು ಗೆರೆ ಎಳೆಯುವರು. ಅದರಿಂದ ಅರ್ಥವೇನೂ ಕೆಡದೆಂದು ನನ್ನ ಅಭಿಪ್ರಾಯ. ಮೊದಲು ಗೆರೆ ಎಳೆಯಬೇಕಾದದ್ದು ಅರ್ಥವು ತಿರುಗಿಬೀಳುವ ಕಡೆಯಲ್ಲಿ.

ಎಲ್ಲ ಕೆಲಸವನ್ನೂ ಚಿಕ್ಕ ಶಬ್ದದ ಮೇಲೆಯೇ ಹೊರಿಸಬೇಕೆಂದೂ ಇಲ್ಲ. ಕನ್ನಡವು ಕೆಲವು ಕಡೆ ನಾಮಪದವನ್ನೇ ಬದಲಾಯಿಸಿಕೊಳ್ಳುವುದು. ‘ತಂದೆಯ ಸಾಲ’ವೆಂದರೆ ತಂದೆಯು ಯಾರಿಗೋ ಕೊಡಬೇಕಾಗಿದ್ದದ್ದು. ‘ತಂದೆಯ ಋಣ’ವೆಂದರೆ ತಂದೆಗೆ ಮಕ್ಕಳು ಸಲ್ಲಿಸಬೇಕಾದದ್ದು. ವಿಭಕ್ತಿಯು ಕೂದಲೆಳೆಯಷ್ಟೂ ಬದಲಾಗಿಲ್ಲ, ಕೊಡತಕ್ಕವನೂ ಕೊಳ್ಳತಕ್ಕವನೂ ಅದಲುಬದಲಾಗಿರುವರು. ಇಂಗ್ಲಿಷಿನವನು ಎರಡಕ್ಕೂ ಡೆಟ್ ಎಂದೇ ಅಂದು, ಮುಂದಿನ ಶಬ್ದದಿಂದ ವ್ಯತ್ಯಾಸವನ್ನು ತೋರಿಸಬೇಕು. ಈಚೆಗೆ ಪಕ್ಕದ ಮನೆಯ ಹುಡುಗಿಗೆ, ಒಂಬತ್ತನೆಯ ತರಗತಿಯವಳು, ಈ ಎರಡನ್ನೂ ಇಂಗ್ಲಿಷಿಗೆ ತಿರುಗಿಸಲು ಕೊಟ್ಟೆನು. ಮೊದಲನೆಯದಕ್ಕೆ ಕೂಡಲೆ ಆಫ್ ಎಂದು ಬರೆದಳು. ಎರಡನೆಯದಕ್ಕೂ ಆಫ್ ಬರೆಯಲು ಹೋಗಿ, ಪೆನ್ಸಿಲನ್ನು ತಡೆದು, ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, ಟು ಎಂದು ಬರೆದಳು. ಆಮೇಲೆ, “ಅವರಿಗೆ ಋಣಕ್ಕೆ ಬೇರೆ ಮಾತೇ ಇಲ್ವಾ ತಾತ?” ಎಂದು ಕೇಳಿದಳು.